ಸತ್ಯಾಂಶ: ನಾವು ತಗೊಳ್ದೇ ಇರೋ ಎಜುಕೇಶನ್ ಲೋನ್‌ಗೆ ‘ಮೊದ್ಲು ಒಂದು ಕಂತು’ ಕಟ್ಬೇಕಾ?

ಪಿಂಪ್ರಿ-ಚಿಂಚ್‌ವಡ್‌ನ ನಮ್ಮ ಕನ್ನಡದವರ ಗ್ರೂಪಲ್ಲಿ ಒಂದು ಫಾರ್ವರ್ಡ್ ಓಡಾಡ್ತಿದೆ, ನಿಮ್ಮ ಹೆಸರಲ್ಲಿ ಯಾರೋ ಎಜುಕೇಶನ್ ಲೋನ್ ಎತ್ತಿದ್ರೆ ಮೊದ್ಲು ಒಂದು ಕಂತು ಕಟ್ಟಿ ಆಮೇಲೆ ಕಂಪ್ಲೇಂಟ್ ಕೊಡಿ, ಇಲ್ಲಾಂದ್ರೆ ಸಿಬಿಲ್ ಸ್ಕೋರ್ (ಸಾಲ ಸರಿಯಾಗಿ ತೀರಿಸ್ತೀವಾ ಅಂತ ತೋರಿಸೋ ಅಂಕ) ಹಾಳಾಗತ್ತೆ ಅಂತ. ಹಂಗೇನಿಲ್ಲ. ಕಟ್ಟಿದ್ರೆ ಸಾಲ ನಂದೇ ಅಂತ ಒಪ್ಕೊಂಡ ಹಾಗೆ ಕಾಣತ್ತೆ, ಆಮೇಲೆ ನಂದಲ್ಲ ಅನ್ನೋದು ಕಷ್ಟ.

ಸಿಬಿಲ್, ಎಕ್ಸ್‌ಪೀರಿಯನ್, ಈಕ್ವಿಫ್ಯಾಕ್ಸ್, ಕ್ರಿಫ್ ಹೈ ಮಾರ್ಕ್ ಅಂತ ನಮ್ಮ ಸಾಲದ ದಾಖಲೆ ಇಡೋ ಕಂಪನಿಗಳಿವೆ, ಮೊದ್ಲು ಅಲ್ಲಿ ನಿಮ್ಮ ರಿಪೋರ್ಟ್ ನೋಡಿ. ನಾಲ್ಕೂ ಕಡೆ ವರ್ಷಕ್ಕೊಂದು ಪೂರ್ತಿ ರಿಪೋರ್ಟ್ ಫ್ರೀ, ನಮ್ದು ನಾವೇ ನೋಡ್ಕೊಂಡ್ರೆ ಸ್ಕೋರ್ ಇಳಿಯಲ್ಲ (ಇಳಿಯತ್ತೆ ಅನ್ನೋದು ಇನ್ನೊಂದು ಸುಳ್ಳು ಫಾರ್ವರ್ಡು!). ಅದ್ರಲ್ಲಿ ಸಾಲ ಕೊಟ್ಟವರ ಹೆಸ್ರು, ತಾರೀಕು ಇರತ್ತೆ. ನಿಮ್ಮನ್ನ ‘ಗ್ಯಾರಂಟರ್’ (ಬೇರೆಯವರ ಸಾಲಕ್ಕೆ ಜಾಮೀನು ನಿಂತವರು) ಅಂತ ತೋರಿಸಿದ್ಯಾ ಅದನ್ನೂ ನೋಡಿ, ಅಣ್ಣನ ಮಗನ ಸಾಲಕ್ಕೆ ಸೈನ್ ಹಾಕಿ ಮರೆತಿರ್ತೀವಿ. ನಿಜವಾಗ್ಲೂ ಮೋಸಾನೇ ಆದ್ರೆ ಬ್ಯಾಂಕಿಗೆ ಬರವಣಿಗೆಯಲ್ಲಿ ಕೊಟ್ಟು ಪೊಲೀಸ್ ಕಂಪ್ಲೇಂಟ್ ಮಾಡಿ, ರಿಪೋರ್ಟ್ ಕಂಪನಿಗೂ ಡಿಸ್ಪ್ಯೂಟ್ ಹಾಕಿ. 30 ದಿನದೊಳಗೆ ಬಗೆಹರೀಲಿಲ್ಲ ಅಂದ್ರೆ ದಿನಕ್ಕೆ 100 ರೂಪಾಯಿ ಪರಿಹಾರ ಕೊಡ್ಬೇಕು ಅಂತ ಆರ್‌ಬಿಐ ರೂಲೇ ಇದೆ.