ಬಗ್ಗದ ತೋರುಬೆರಳು

ನನ್ನ ಬಲಗೈಯ ತೋರುಬೆರಳು ಒಂದು ತಿಂಗಳಿನಿಂದ ಯಾರ ಮಾತಿಗೂ ಬಗ್ಗುತ್ತಿಲ್ಲ. ಅದಕ್ಕೆ ಸ್ವಾಭಿಮಾನ ಹೆಚ್ಚಿತೆಂದಲ್ಲ. ಅದರ ತುದಿಯ ಗೆಣ್ಣನ್ನು ಪ್ಲಾಸ್ಟಿಕ್ಕಿನ ಪುಟ್ಟ ಸ್ಪ್ಲಿಂಟಿನೊಳಗೆ ಕೂರಿಸಿ, ಮೇಲೊಂದು ಪಟ್ಟಿ ಸುತ್ತಿ, ಆರರಿಂದ ಎಂಟು ವಾರ ಹಗಲಿರುಳೂ ನೆಟ್ಟಗೆ ಇರತಕ್ಕದ್ದು ಎಂದು ವೈದ್ಯೆ ಕಟ್ಟಪ್ಪಣೆ ಮಾಡಿದ್ದಾರೆ. ಏನಾಯಿತು ಎಂದು ಕೇಳುವವರೆಲ್ಲರೂ ಒಳ್ಳೆಯ ಕಥೆಯೊಂದನ್ನು ನಿರೀಕ್ಷಿಸುತ್ತಾರೆ. ‘ಕ್ರಿಕೆಟ್ ಚೆಂಡು ಬಡಿಯಿತೆ?’ ಎಂದು ಉತ್ಸಾಹದಿಂದ ಮುಂದಕ್ಕೆ ಬಾಗಿದವರು, ‘ಇಲ್ಲ, ಹಾಸಿಗೆಯ ಅಡಿಗೆ ಬೆಡ್‌ಶೀಟಿನ ಅಂಚು ತುರುಕುತ್ತಿದ್ದೆ’ ಎಂಬ ಉತ್ತರ ಕೇಳಿ ನಿಧಾನವಾಗಿ ಹಿಂದಕ್ಕೆ ಸರಿಯುತ್ತಾರೆ. ಕೆಲವರು ಸಹಾನುಭೂತಿಯನ್ನೂ ವಾಪಸು ತೆಗೆದುಕೊಂಡು ಹೋದರು.

ಆದರೆ ವೈದ್ಯೆಗೆ ಇದರಲ್ಲಿ ಆಶ್ಚರ್ಯವೇನೂ ಕಾಣಲಿಲ್ಲ. ಬೆರಳುಗಳೊಳಗೆ ಅವನ್ನು ಆಡಿಸುವ ಸ್ನಾಯುಗಳೇ ಇಲ್ಲವಂತೆ. ಎಳೆಯುವ ಸ್ನಾಯುಗಳೆಲ್ಲ ಅಂಗೈಯಲ್ಲೂ ಮುಂಗೈಯಲ್ಲೂ ಕುಳಿತು, ಸೂತ್ರದ ಗೊಂಬೆ ಆಡಿಸುವವನಂತೆ ದಾರಗಳನ್ನು ಎಳೆಯುತ್ತವೆ. ಬೆರಳ ತುದಿಯನ್ನು ನೆಟ್ಟಗೆ ಮಾಡುವ ದಾರ ಕೊನೆಯಲ್ಲಿ ಬಹಳ ತೆಳುವಾಗಿ ಎಲುಬಿಗೆ ಅಂಟಿಕೊಂಡಿರುತ್ತದೆ. ಚಾಚಿದ ಬೆರಳು ಎಲ್ಲಿಗಾದರೂ ಎಡವಿ ತುದಿ ಒಮ್ಮೆಲೇ ಮಡಿಸಿತೆಂದರೆ ಆ ದಾರ ಪಟ್ಟನೆ ಕಿತ್ತುಬರುತ್ತದೆ, ತುದಿ ಜೋತುಬೀಳುತ್ತದೆ. ಮ್ಯಾಲೆಟ್ ಫಿಂಗರ್, ಅಂದರೆ ಕೊಡತಿ ಬೆರಳು, ಎಂದು ಇದರ ಹೆಸರು. ಚೆಂಡು ಬಡಿದು ಹೀಗಾಗುವುದು ಹೆಚ್ಚು. ಬೆಡ್‌ಶೀಟು ತುರುಕಿ ಹೀಗಾಗುವವರೂ ಧಾರಾಳವಾಗಿ ಇದ್ದಾರೆಂದು ತಿಳಿದು ನನಗೆ ಎಷ್ಟೋ ಸಮಾಧಾನವಾಯಿತು.

ನೋವಿನ ಮಾತು ಬಿಡಿ, ಅದು ನಾಲ್ಕು ದಿನದ್ದು. ಸದಾ ಯಾರನ್ನೋ ತೋರಿಸುತ್ತಲೇ ಇರುವ ಬೆರಳನ್ನು ಹೊತ್ತು ಸಭ್ಯ ಮನುಷ್ಯರ ನಡುವೆ ಬದುಕುವುದು ಮಾತ್ರ ಸಾಮಾನ್ಯ ಕಷ್ಟವಲ್ಲ.

ಊತ ಇಳಿಯುವವರೆಗೆ ಕೈಯನ್ನು ಎದೆಗಿಂತ ಮೇಲೆ ಎತ್ತಿ ಇಟ್ಟುಕೊಳ್ಳಬೇಕೆಂಬ ಸೂಚನೆಯಿತ್ತು. ಮೂರನೆಯ ದಿನ ಕಚೇರಿಯ ಸಭೆಯಲ್ಲಿ ನಾನು ಆ ಸೂಚನೆಯನ್ನು ನಿಷ್ಠೆಯಿಂದ ಪಾಲಿಸುತ್ತ, ಮೊಣಕೈಯನ್ನು ಮೇಜಿಗೆ ಊರಿ, ಬೆರಳನ್ನು ಧ್ವಜದಂತೆ ಎತ್ತಿಕೊಂಡು ಕುಳಿತಿದ್ದೆ. ನಮ್ಮ ಮೇಲಧಿಕಾರಿಗಳಿಗೆ ಪ್ರತಿಯೊಂದು ಪದಕ್ಕೂ ತಮ್ಮ ತೋರುಬೆರಳಿನಿಂದ ಮೇಜು ಕುಟ್ಟುವ ಅಭ್ಯಾಸವಿದೆ. ಹದಿನೈದು ವರ್ಷದ ಹಳೆಯ ಕಡತಗಳನ್ನೆಲ್ಲ ಭಾನುವಾರಗಳಂದು ಬಂದು ವಿಂಗಡಿಸುವ ಕೆಲಸವೊಂದನ್ನು ಅವರು ಟಕಟಕ ಕುಟ್ಟುತ್ತ ವಿವರಿಸಿ, ‘ಯಾರು ವಹಿಸಿಕೊಳ್ಳುತ್ತೀರಿ?’ ಎಂದರು. ಕೋಣೆಯಲ್ಲಿದ್ದ ಹನ್ನೆರಡು ತಲೆಗಳು ಒಟ್ಟಿಗೆ ತಗ್ಗಿದವು. ಎತ್ತರದಲ್ಲಿ ಉಳಿದದ್ದು ನನ್ನ ಬೆರಳೊಂದೇ.

‘ಭೇಷ್! ನೀವೊಬ್ಬರಾದರೂ ಮುಂದೆ ಬಂದಿರಲ್ಲ’ ಎಂದರು ಅವರು. ನಾನು ಗಾಬರಿಯಿಂದ ‘ಅಲ್ಲ ಸರ್’ ಎನ್ನುತ್ತ ಕೈಯಾಡಿಸಿದೆ. ನೆಟ್ಟಗಿರುವ ತೋರುಬೆರಳನ್ನು ಎಡಕ್ಕೂ ಬಲಕ್ಕೂ ಆಡಿಸಿದರೆ ಅದು ನಿರಾಕರಣೆಯಂತೆ ಕಾಣದೆ, ಮೇಷ್ಟ್ರು ಮಕ್ಕಳನ್ನು ಗದರಿಸಿದಂತೆ ಕಾಣುತ್ತದೆ ಎಂಬುದು ಅವರ ಹುಬ್ಬು ಮೇಲೇರಿದಾಗ ಹೊಳೆಯಿತು. ಕೂಡಲೇ ಕೈಯನ್ನು ಪಕ್ಕಕ್ಕೆ ಇಳಿಸಿದೆ. ಬೆರಳು ಹೋಗಿ ಪಕ್ಕದ ಸಹೋದ್ಯೋಗಿಯತ್ತ ನಿಂತಿತು. ‘ನನ್ನನ್ನೇಕೆ ತೋರಿಸುತ್ತೀರಿ? ಹೋದ ಸಲ ಮಾಡಿದ್ದು ನಾನೇ ಅಲ್ಲವೆ?’ ಎಂದು ಆಕೆ ಸಿಡುಕಿದರು. ಅವರಿಂದ ತಪ್ಪಿಸಿ ಮುಂದಕ್ಕೆ ತಿರುಗಿಸಿದೆ. ಅದು ಸೀದಾ ಮೇಲಧಿಕಾರಿಗಳ ಎದೆಗೆ ಗುರಿಯಿಟ್ಟಿತು. ಟಕಟಕ ನಿಂತಿತು. ಆ ನಿಶ್ಶಬ್ದದಲ್ಲಿ ಕೈಯನ್ನು ನನ್ನತ್ತಲೇ ಎಳೆದುಕೊಳ್ಳುವುದು ಕ್ಷೇಮವೆನ್ನಿಸಿತು. ಹಾಗೆ ಎಳೆದ ರಭಸಕ್ಕೆ ಸ್ಪ್ಲಿಂಟು ಮೂಗಿಗೆ ಬಡಿಯಿತು. ಮೂಗಿನ ಮೇಲೆ ಬೆರಳಿಟ್ಟುಕೊಂಡು ನಾಲ್ಕು ಭಾನುವಾರಗಳನ್ನು ಒಪ್ಪಿಕೊಂಡವನು ಬಹುಶಃ ನಾನೊಬ್ಬನೇ. ಬೆರಳು ತೋರಿಸಿದರೆ ಹಸ್ತ ನುಂಗುವವರ ಬಗ್ಗೆ ಹಿರಿಯರು ಎಚ್ಚರಿಸಿದ್ದರು, ನಿಜ. ತೋರಿಸದೆಯೂ ನುಂಗುವವರ ಬಗ್ಗೆ ಒಂದು ಮಾತನ್ನೂ ಹೇಳಿರಲಿಲ್ಲ.

ಕಡತಗಳ ನಡುವೆ ಕುಳಿತಾಗ ಈ ಬೆರಳಿನ ಜಾತಕವನ್ನೇ ಜಾಲಾಡುವ ಮನಸ್ಸಾಯಿತು. ಕನ್ನಡದಲ್ಲಿ ತೋರುಬೆರಳು ಎನ್ನುವಾಗ ಅದಕ್ಕೊಂದು ಸೌಜನ್ಯವಿದೆ, ದಾರಿ ಹೇಳುವವನ ಸೌಜನ್ಯ. ಸಂಸ್ಕೃತದಲ್ಲಿ ಅದು ತರ್ಜನಿ, ಅಂದರೆ ಗದರಿಸುವಂಥದ್ದು; ಮೇಲಧಿಕಾರಿಗಳು ಅಂದು ಓದಿಕೊಂಡದ್ದು ಈ ಅರ್ಥವನ್ನೇ. ಜಪಾನಿ ಭಾಷೆಯ ಹೆಸರಿಗೆ ಜನರತ್ತ ಚಾಚುವ ಬೆರಳು ಎಂದೇ ಅರ್ಥ. ಅದೇ ಬೆರಳು ಹೆಬ್ಬೆರಳನ್ನು ಮುಟ್ಟಿ ಬಾಗಿದರೆ ಚಿನ್ಮುದ್ರೆ, ಜ್ಞಾನದ ಗುರುತು. ನನಗೆ ಸದ್ಯಕ್ಕೆ ಜ್ಞಾನದ ಬಾಗಿಲೂ ಮುಚ್ಚಿದೆ. ಮಧ್ಯಯುಗದ ಯುರೋಪಿನ ಓದುಗರು ಹಸ್ತಪ್ರತಿಗಳ ಅಂಚಿನಲ್ಲಿ ಮುಖ್ಯವಾದ ಸಾಲಿನತ್ತ ಚಾಚಿದ ಪುಟ್ಟ ಕೈಯೊಂದನ್ನು ಬರೆದಿಡುತ್ತಿದ್ದರು. ಕಂಪ್ಯೂಟರಿನ ತೆರೆಯಲ್ಲಿ ಲಿಂಕ್ ಸಿಕ್ಕೊಡನೆ ಬಾಣ ಹೋಗಿ ಬರುವ ಕೈಯನ್ನು ನೋಡಿದಾಗಲೆಲ್ಲ ನನಗೆ ಅವರ ನೆನಪಾಗುತ್ತದೆ.

ಇಷ್ಟೆಲ್ಲ ಮರ್ಯಾದೆ ಈ ಒಂದು ಬೆರಳಿಗೇ ಏಕೆ ಎಂದರೆ, ಅದನ್ನು ನೆಟ್ಟಗೆ ಮಾಡಲೆಂದೇ ಮುಂಗೈಯಲ್ಲಿ ಒಂದು ಹೆಚ್ಚುವರಿ ಸ್ನಾಯುವಿದೆ. ಮುಷ್ಟಿ ಕಟ್ಟಿ ತೋರುಬೆರಳೊಂದನ್ನೇ ಚಾಚಿ ನೋಡಿ, ಸಲೀಸು. ಉಂಗುರದ ಬೆರಳನ್ನು ಹಾಗೆ ಚಾಚಹೊರಟರೆ ಅದು ನೆರೆಹೊರೆಯವರನ್ನೆಲ್ಲ ಎಬ್ಬಿಸುತ್ತದೆ. ಸಂಸ್ಕೃತದಲ್ಲಿ ಪಾಪ, ಅದಕ್ಕೆ ಅನಾಮಿಕ ಎಂದು ಹೆಸರಿಲ್ಲದ ಹೆಸರು.

ಮೊಬೈಲಿನದು ಬೇರೆಯೇ ಗೋಳು. ಅದರ ತೆರೆ ಚರ್ಮದ ವಿದ್ಯುದ್ವಾಹಕ ಗುಣವನ್ನು ಗುರುತಿಸಿ ಕೆಲಸ ಮಾಡುವುದರಿಂದ ಪ್ಲಾಸ್ಟಿಕ್ಕಿಗೆ ಸೊಪ್ಪು ಹಾಕುವುದಿಲ್ಲ. ನನ್ನ ವಯಸ್ಸಿನವರು ಎಡಗೈಯಲ್ಲಿ ಫೋನು ಹಿಡಿದು, ಬಲಗೈಯ ತೋರುಬೆರಳಿನಿಂದ ಕೋಳಿ ಕಾಳು ಹೆಕ್ಕಿದಂತೆ ಅಕ್ಷರ ಹೆಕ್ಕುವವರು. ಈಗ ಅನಿವಾರ್ಯವಾಗಿ ಹೆಬ್ಬೆರಳಿಗೆ ಬಡ್ತಿ ಕೊಟ್ಟಿದ್ದೇನೆ. ‘ಬರುತ್ತೇನೆ’ ಎಂದು ಒತ್ತಿದ್ದು ‘ಬರೆಯುತ್ತೇನೆ’ ಎಂದಾಗಿ, ಮೂವರು ನನ್ನ ದಾರಿಯ ಬದಲು ನನ್ನ ಪತ್ರದ ದಾರಿ ಕಾಯುತ್ತಿದ್ದಾರೆ. ಹಾಸ್ಟೆಲಿನಲ್ಲಿರುವ ಮಗಳು ವಿಡಿಯೊ ಕರೆ ಮಾಡಿ, ಎರಡೂ ಹೆಬ್ಬೆರಳುಗಳನ್ನು ಹೇಗೆ ಓಡಿಸಬೇಕೆಂದು ತೋರಿಸಿದಳು. ‘ಅಪ್ಪಾ, ನೋಡಿ, ತೋರುಬೆರಳೇ ಬೇಕಿಲ್ಲ’ ಎಂದಳು.

ಮಕ್ಕಳು ವರ್ಷ ತುಂಬುವ ಹೊತ್ತಿಗೆ ಬೊಟ್ಟು ಮಾಡಿ ತೋರಿಸಲು ಕಲಿಯುತ್ತಾರೆ. ಮೊದಲನೆಯದು ‘ಅದು ಬೇಕು’ ಎಂದು ತೋರಿಸುವುದು, ಇನ್ನೊಂದು ಸುಮ್ಮನೆ ‘ಅದನ್ನು ನೋಡು’ ಎಂದು ತೋರಿಸುವುದು ಎಂದು ಶಿಶುಭಾಷೆಯ ಅಧ್ಯಯನಕಾರರು ಇವನ್ನು ಬೇರ್ಪಡಿಸುತ್ತಾರೆ. ಇವಳದು ಎರಡನೆಯದೇ ಹೆಚ್ಚು. ಮಾತು ಬರುವ ಮೊದಲು ದಿನವಿಡೀ ನಿಂತ ಫ್ಯಾನನ್ನು ತೋರಿಸುತ್ತಿದ್ದಳು. ಕೊಡಲು ಬರುವಂಥದ್ದಲ್ಲ, ಅವಳಿಗೆ ಬೇಕಾಗಿಯೂ ಇರಲಿಲ್ಲ. ನಾನು ತಲೆಯೆತ್ತಿ ‘ಹೌದು, ಫ್ಯಾನು’ ಎಂದರೆ ಸಾಕು, ಮುಖ ಅರಳುತ್ತಿತ್ತು. ನಡೆಯಲು ಕಲಿತಾಗ ಅವಳ ಮುಷ್ಟಿಗೆ ನನ್ನ ಒಂದೇ ಬೆರಳು ಹಿಡಿಸುತ್ತಿತ್ತು. ಇದೇ ಬೆರಳು.

ಮರೆತಿದ್ದೆ, ಸ್ಪ್ಲಿಂಟಿಗೆ ಇನ್ನೊಂದು ನಿಯಮವಿದೆ. ಇಷ್ಟು ವಾರಗಳ ನಡುವೆ ತುದಿ ಒಂದೇ ಒಂದು ಸಲ ಬಗ್ಗಿದರೂ, ಕೂಡಿಕೊಳ್ಳುತ್ತಿರುವ ದಾರ ಮತ್ತೆ ಬಿಟ್ಟುಕೊಂಡು ಲೆಕ್ಕ ಮೊದಲಿನಿಂದ ಶುರುವಾಗುತ್ತದೆ. ನಿನ್ನೆ 31ನೆಯ ದಿನ. ಬೆಳಿಗ್ಗೆ ಎದ್ದು ನೋಡಿದರೆ ಸ್ಪ್ಲಿಂಟು ದಿಂಬಿನ ಪಕ್ಕದಲ್ಲಿತ್ತು, ಬೆರಳಿನ ತುದಿ ಬೆಡ್‌ಶೀಟಿನ ಮಡಿಕೆಯೊಳಗೆ ಆರಾಮವಾಗಿ ಬಾಗಿ ಮಲಗಿತ್ತು. ಆಸ್ಪತ್ರೆಗೆ ಓಡಿದೆ. ವೈದ್ಯೆ ಪರೀಕ್ಷಿಸಿ, ನಿಟ್ಟುಸಿರು ಬಿಟ್ಟು, ಏನೂ ಮಾತಾಡದೆ ತಮ್ಮ ತೋರುಬೆರಳನ್ನು ನನ್ನ ಮುಂದೆ ಎತ್ತಿ ಹಿಡಿದರು.

ಗದರಿಸುತ್ತಿದ್ದಾರೆಂದುಕೊಂಡೆ. ಅಲ್ಲ, ಒಂದನೆಯ ದಿನ ಎಂದು ಎಣಿಸುತ್ತಿದ್ದರು.