ಸತ್ಯಾಂಶ: ವಾಂತಿಯಾದರೆ ಇನ್ಸುಲಿನ್ ನಿಲ್ಲಿಸಬೇಕಾ?

ನಮ್ಮ ಹುಬ್ಬಳ್ಳಿಯ ಓಣಿ ಗ್ರೂಪಿಗೆ ಒಂದು ಮೆಸೇಜ್ ಬಂದಿದೆ: ‘ಶುಗರ್ ಇದ್ದವರಿಗೆ ವಾಂತಿಯಾಗಿ ಊಟ ಸೇರದಿದ್ದರೆ ಅದು ಪಿತ್ತ. ಇನ್ಸುಲಿನ್ ನಿಲ್ಲಿಸಿ, ಲಿಂಬು ಶರಬತ್ತು ಕುಡಿಸಿ.’ ಇದು ತಪ್ಪು. ಜೀವಕ್ಕೇ ಕುತ್ತು ತರುವಂಥ ತಪ್ಪು.

ಇನ್ಸುಲಿನ್ ಸಾಲದಿದ್ದರೆ ರಕ್ತದಲ್ಲಿ ಎಷ್ಟೇ ಸಕ್ಕರೆ ಇದ್ದರೂ ದೇಹ ಅದನ್ನು ಬಳಸಲಾರದು. ಕೊಬ್ಬನ್ನು ಕರಗಿಸತೊಡಗುತ್ತದೆ. ಅದರಿಂದ ಹುಟ್ಟುವ ಕೀಟೋನ್ ಜಾಸ್ತಿಯಾಗಿ ರಕ್ತದಲ್ಲಿ ಆಮ್ಲ ಏರುತ್ತದೆ. ಇದೇ ಡಯಾಬಿಟಿಕ್ ಕೀಟೋಆಸಿಡೋಸಿಸ್. ಜ್ವರ, ಸೋಂಕು ಇದ್ದಾಗ ಊಟ ಬಿಟ್ಟರೂ ಸಕ್ಕರೆ ಏರಬಹುದು. ಹಾಗಾಗಿ ವೈದ್ಯರನ್ನು ಕೇಳದೆ ಇನ್ಸುಲಿನ್ ನಿಲ್ಲಿಸಲೇಬಾರದು.

ಹೀಗಾದಾಗ ಮೊದಲು ಕಾಣುವುದು ತೀರದ ಬಾಯಾರಿಕೆ. ಬೇಸಿಗೆಯಲ್ಲಿ ಸುಮ್ನೆ ಬಿಸಿಲು ಅಂದುಕೊಳ್ಳುತ್ತೇವೆ, ಅಲ್ವಾ? ಆದರೆ ಬಿಸಿಲಿಗೆ ಬೆವರಿದಾಗ ಮೂತ್ರ ಕಡಿಮೆಯಾಗುತ್ತದೆ, ಇಲ್ಲಿ ಪದೇ ಪದೇ ಬರುತ್ತದೆ. ಆಮೇಲೆ ವಾಂತಿ, ಹೊಟ್ಟೆನೋವು, ಸುಸ್ತು. ಉಸಿರು ಆಳವಾಗಿ, ಜೋರಾಗಿ ಓಡುತ್ತದೆ. ಕೆಲವರ ಬಾಯಿಂದ ತೀರಾ ಮಾಗಿದ ಹಣ್ಣಿನ ವಾಸನೆ ಬರುತ್ತದೆ. ಮಂಪರು ಕವಿದರಂತೂ ಒಂದು ನಿಮಿಷವೂ ಕಾಯಬೇಡಿ.

ಸಾಮಾನ್ಯವಾಗಿ ಶುಗರ್ 250 ದಾಟಿರುತ್ತದೆ. ಆದರೆ ಡಪಾಗ್ಲಿಫ್ಲೋಜಿನ್‌ನಂಥ ಶುಗರ್ ಮಾತ್ರೆ ತಗೊಳ್ಳುವವರಲ್ಲಿ ಅಷ್ಟು ಏರದೆಯೂ ಹೀಗಾಗಬಹುದು. ಮಕ್ಕಳಲ್ಲಿ ಶುಗರ್ ಇದೆ ಅಂತ ಮೊದಲು ಗೊತ್ತಾಗುವುದೇ ಎಷ್ಟೋ ಸಲ ಈ ಸ್ಥಿತಿಯಲ್ಲಿ.

ಈ ಲಕ್ಷಣ ಕಂಡರೆ 108ಕ್ಕೆ ಫೋನ್ ಮಾಡಿ. ಹುಬ್ಬಳ್ಳಿಯ ಕಿಮ್ಸ್ (ಈಗಿನ ಹೆಸರು ಕೆಎಂಸಿ-ಆರ್‌ಐ) ಆಸ್ಪತ್ರೆಯಾಗಲಿ, ಹತ್ತಿರದ ಬೇರೆ ದೊಡ್ಡ ಆಸ್ಪತ್ರೆಯಾಗಲಿ, ತುರ್ತು ವಿಭಾಗಕ್ಕೇ ಹೋಗಿ. ‘ಶುಗರ್ ಇದೆ, ಕೀಟೋನ್ ನೋಡಿ’ ಅಂತ ಬಾಗಿಲಲ್ಲೇ ಹೇಳಿ. ಅಲ್ಲಿ ಸಲೈನ್, ಇನ್ಸುಲಿನ್ ಕೊಟ್ಟು, ಪೊಟ್ಯಾಸಿಯಂ ಮಟ್ಟ ನೋಡುತ್ತಾ ಚಿಕಿತ್ಸೆ ಮಾಡುತ್ತಾರೆ.