ನಿಂತ ಬಾಟಲಿ, ಅಡ್ಡ ಬಾಟಲಿ

ನಮ್ಮೂರು ಜತ್ತ ತಾಲ್ಲೂಕಿನಲ್ಲಿದೆ. ಜಿಲ್ಲೆ ಸಾಂಗಲಿ, ರಾಜ್ಯ ಮಹಾರಾಷ್ಟ್ರ, ಮನೆಮಾತು ಕನ್ನಡ. ನಾಲ್ಕು ಎಕರೆ ದ್ರಾಕ್ಷಿ ನಮ್ಮ ಬದುಕು. ಗೊನೆ ಕೊಯ್ದು, ದ್ರಾವಣದಲ್ಲಿ ಅದ್ದಿ, ಶೆಡ್ಡಿನ ಬಲೆಯ ಮೇಲೆ ಹರಡಿದರೆ ಎರಡು ವಾರದಲ್ಲಿ ಒಣಗುತ್ತದೆ. ನಾಲ್ಕು ಕಿಲೋ ಹಸಿ ಹಣ್ಣಿಗೆ ಹೆಚ್ಚುಕಡಿಮೆ ಒಂದು ಕಿಲೋ ಒಣದ್ರಾಕ್ಷಿ. ಅದನ್ನು ತಾಸಗಾಂವದ ಹರಾಜಿಗೆ ಒಯ್ಯುತ್ತೇವೆ. ದಾರಿಯುದ್ದಕ್ಕೂ ‘ವೈನ್ ಶಾಪ್’ ಫಲಕಗಳಿವೆ, ಒಳಗೆ ಮಾರುವುದು ಹೆಚ್ಚಾಗಿ ವಿಸ್ಕಿ, ರಮ್ಮು. ಇಷ್ಟು ದ್ರಾಕ್ಷಿಯ ನಡುವೆ ಬೆಳೆದ ನಾನು ವೈನಿನ ರುಚಿ ಕಂಡದ್ದು ಕಳೆದ ವರ್ಷ, ಗೆಳೆಯನ ಜೊತೆ ಲಂಡನ್ನಿಗೆ ಹೋದಾಗ.

ವಿಲಿಯರ್ಸ್ ಬೀದಿಯ ಗೋರ್ಡನ್ಸ್ ವೈನ್ ಬಾರ್ 1890ರಿಂದ ನಡೆದು ಬಂದಿದೆ. ಮುಂಬಯಿಯಲ್ಲಿ ಹುಟ್ಟಿದ ಇಂಗ್ಲಿಷ್ ಲೇಖಕ ಕಿಪ್ಲಿಂಗ್ ಒಂದು ಕಾಲಕ್ಕೆ ಅದೇ ಬೀದಿಯಲ್ಲಿ ವಾಸವಾಗಿದ್ದರಂತೆ. ಕಿರಿದಾದ ಮೆಟ್ಟಿಲಿಳಿದರೆ ನೆಲಮಾಳಿಗೆ. ಕಮಾನು ಎಷ್ಟು ತಗ್ಗೆಂದರೆ ಬಾಗಿಕೊಂಡೇ ಒಳಗೆ ಹೋಗಬೇಕು. ಬಾಟಲಿಯ ಬಾಯಿಗೆ ಸಿಕ್ಕಿಸಿದ ಮೇಣದ ಬತ್ತಿ ಕರಗಿ, ಗಾಜಿನ ಮೈತುಂಬ ಮೇಣ ಹೆಪ್ಪುಗಟ್ಟಿತ್ತು. ಬಿಯರ್ ಇಲ್ಲ, ವಿಸ್ಕಿ ಇಲ್ಲ. ವೈನ್ ಮತ್ತು ಅದರ ಬಳಗದ ಶೆರಿ, ಪೋರ್ಟ್ ಅಷ್ಟೇ. ಪಕ್ಕದ ಮೇಜಿನಲ್ಲಿ ನನ್ನ ಅವ್ವನಿಗಿಂತ ಹಿರಿಯ ಹೆಂಗಸೊಬ್ಬರು ಒಂಟಿಯಾಗಿ ಕುಳಿತು, ಚೀಸಿನ ತುಂಡು ಮುರಿಯುತ್ತ, ಒಂದು ಲೋಟ ಶೆರಿಯನ್ನು ಮುಕ್ಕಾಲು ಗಂಟೆ ಕುಡಿದರು. ಯಾರೂ ಅವರತ್ತ ತಿರುಗಿ ನೋಡಲಿಲ್ಲ. ನಾನು ಮಾತ್ರ ನೋಡುತ್ತಲೇ ಇದ್ದೆ.

ಆ ಊರಿನಲ್ಲಿ ಕುಡಿದು ಬೀಳುವವರಿಲ್ಲ ಎಂದಲ್ಲ, ಅದೇ ರಾತ್ರಿ ರೈಲು ನಿಲ್ದಾಣದ ಬಳಿ ಅಂಥವರನ್ನೂ ಕಂಡೆವು. ಆದರೆ ನಮ್ಮ ಕಡೆಯ ‘ಪರ್ಮಿಟ್ ರೂಮ್’ ಎಂಬ ಬಾರ್ ನೆನಪಾಯಿತು. ಕಪ್ಪು ಗಾಜು, ಮಬ್ಬು ದೀಪ, ಗಟಗಟನೆ ಮುಗಿಸಿ ಬಾಯಿ ಒರೆಸಿಕೊಂಡು ಹೊರಬೀಳುವ ಗಂಡಸರು. ಒಳಗೆ ಏನು ನಡೆಯಿತೆಂದು ಹೆಂಗಸರಿಗೆ ತಿಳಿಯುವುದು ಗಂಡ ಮನೆಗೆ ಬಂದ ಮೇಲೆ. ಅದಕ್ಕೇ ಮಹಾರಾಷ್ಟ್ರದಲ್ಲಿ ಹೆಂಗಸರಿಗೆ ಊರಿನ ಮದ್ಯದಂಗಡಿ ಬೇಕೋ ಬೇಡವೋ ಎಂದು ಮತ ಹಾಕುವ ಹಕ್ಕಿದೆ. ಮತಪತ್ರದಲ್ಲಿ ನಿಂತ ಬಾಟಲಿ, ಅಡ್ಡ ಬಾಟಲಿ ಎಂಬ ಎರಡು ಚಿತ್ರ. ಊರಿನ ಮಹಿಳಾ ಮತದಾರರಲ್ಲಿ ಅರ್ಧಕ್ಕಿಂತ ಹೆಚ್ಚು ಜನ ಅಡ್ಡ ಬಾಟಲಿಗೆ ಒತ್ತಿದರೆ ಅಂಗಡಿ ಮುಚ್ಚಬೇಕು.

2022ರ ಜನವರಿಯಲ್ಲಿ ಸೂಪರ್ ಮಾರ್ಕೆಟ್ಟಿನಲ್ಲಿ ವೈನ್ ಮಾರಲು ರಾಜ್ಯದ ಸಚಿವ ಸಂಪುಟ ಒಪ್ಪಿದಾಗ ನಾನು ಖುಷಿಪಟ್ಟಿದ್ದೆ. ದ್ರಾಕ್ಷಿಗೆ ಬೆಲೆ ಬರುತ್ತದೆ ಎಂಬ ಆಸೆ. ಅವ್ವ ಒಂದೇ ಮಾತು ಹೇಳಿದ್ದಳು: “ಇನ್ನು ಉಪ್ಪು ತರಲು ಹೋದವನೂ ಕುಡಿದು ಬರುತ್ತಾನೆ.” ಆಗ ನನಗೆ ಸಿಟ್ಟು ಬಂದಿತ್ತು. ಈಗ ಅವಳ ಮಾತೇ ಸರಿ ಅನಿಸುತ್ತದೆ. ಅಂಗಡಿಯಿಂದ ತಂದ ಬಾಟಲಿ ಹೊಲದ ಬದುವಿನಲ್ಲೋ ಶೆಡ್ಡಿನ ಹಿಂದೆಯೋ ಖಾಲಿಯಾಗುತ್ತದೆ. ನಮಗೆ ಬೇಕಾದದ್ದು ಮಾರುವ ಜಾಗವಲ್ಲ, ಬೆಳಕಿರುವ, ತಿನ್ನಲು ಏನಾದರೂ ಸಿಗುವ, ಅವ್ವನಂಥವರು ಅಂಜದೆ ಒಳಗೆ ಬಂದು ಕೂಡಬಹುದಾದ ಜಾಗ. ಅಂಥದ್ದು ಆಗುವ ತನಕ ನಾನೂ ಅಡ್ಡ ಬಾಟಲಿಯ ಪಕ್ಷವೇ.

ಊರಿಗೆ ಬಂದು ಆ ನೆಲಮಾಳಿಗೆಯ ವಿಷಯ ಹೇಳಿದೆ. ಅವ್ವ ಒಣದ್ರಾಕ್ಷಿಯ ತೊಟ್ಟು ಬಿಡಿಸುತ್ತ ಕೇಳಿಸಿಕೊಂಡಳು.

“ಆ ಮುದುಕಿಯನ್ನು ಕರೆದೊಯ್ಯಲು ಯಾರು ಬಂದಿದ್ದರು?”

“ಯಾರೂ ಇಲ್ಲ. ಕೋಟು ಹಾಕಿಕೊಂಡು ತಾವೇ ಮೆಟ್ಟಿಲು ಹತ್ತಿ ಹೋದರು.”

ಅವ್ವನ ಕೈ ಒಂದು ಗಳಿಗೆ ನಿಂತಿತು.